ಮ್ಯಾಂಡರಿನ್ ಮೀನಿಗೆ ಜೀವಂತ ಆಹಾರ: ಮನೆಯಲ್ಲೇ ಬೆಳೆಸಿ, ಖಾಲಿಯಾಗದಂತೆ ಉಳಿಸಿಕೊಳ್ಳೋದು ಹೇಗೆ?

ಉಪ್ಪುನೀರು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ವಿದೇಶಕ್ಕೆ ಹೊರಟ ಗೆಳೆಯರೊಬ್ಬರು ತಮ್ಮ ಮ್ಯಾಂಡರಿನ್ ಮೀನನ್ನು (ಬಣ್ಣಬಣ್ಣದ ಪುಟ್ಟ ಕಡಲ ಮೀನು) ನನಗೆ ಒಪ್ಪಿಸಿ ಹೋಗಿದ್ದಾರೆ. ನನ್ನದು 250 ಲೀಟರ್ ಉಪ್ಪುನೀರಿನ ಟ್ಯಾಂಕ್, ಕೆಳಗೆ ಸಂಪ್ (ಫಿಲ್ಟರ್ ತೊಟ್ಟಿ) ಇದೆ, ಸೆರಾಮಿಕ್ ಕಲ್ಲು ಜೋಡಿಸಿ ಶುರು ಮಾಡಿದ್ದು. ಒಳಗೆ ಎರಡು ಕ್ಲೌನ್, ಒಂದು ಗೋಬಿ, ಒಂದು ಸಿಕ್ಸ್‌ಲೈನ್ ರಾಸ್ ಮೀನುಗಳಿವೆ. ಉಪ್ಪಿನ ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ.

ಮೀನು ಚುರುಕಾಗೇ ಇದೆ. ಬೆಳಗ್ಗೆ ಲೈಟ್ ಹತ್ತಿದ ಕೂಡಲೇ ಕಲ್ಲಿಂದ ಕಲ್ಲಿಗೆ ಕುಪ್ಪಳಿಸುತ್ತೆ, ಕಣ್ಣು ಹೊರಳಿಸಿ ಒಂದು ಜಾಗ ನೋಡುತ್ತೆ, ಬಾಯಿ ಚಾಚಿ ಟಕ್ ಅಂತ ಕುಕ್ಕುತ್ತೆ, ಮುಂದಕ್ಕೆ ಹೋಗುತ್ತೆ. ದಿನವಿಡೀ ಇದೇ ಕೆಲಸ. ಆದರೆ ಫ್ರೋಜನ್ ಮೈಸಿಸ್ (ಹೆಪ್ಪುಗಟ್ಟಿಸಿದ ಪುಟ್ಟ ಸೀಗಡಿಯಂಥ ಆಹಾರ) ಮೂತಿಯ ಮುಂದೆಯೇ ಬಿದ್ದರೂ ಮುಟ್ಟಲ್ಲ. ಪೆಲೆಟ್ ಕಡೆ ತಿರುಗಿಯೂ ನೋಡಲ್ಲ. ಗೆಳೆಯರ ಮನೆಯಲ್ಲಿ ದುಂಡಗಿದ್ದ ಹೊಟ್ಟೆ ಈಗ ಚಪ್ಪಟೆಯಾಗಿದೆ. ಮೇಲಿಂದ ನೋಡಿದರೆ ತಲೆಯ ಹಿಂದೆ ಸ್ವಲ್ಪ ಗುಳಿ ಬಿದ್ದಂತೆ ಕಾಣುತ್ತೆ.

ಅವರ ಟ್ಯಾಂಕ್ ಹಳೆಯದು, ರೆಫ್ಯೂಜಿಯಂ (ಪಾಚಿ, ಸಣ್ಣ ಜೀವಿ ಬೆಳೆಸುವ ಬೇರೆ ಭಾಗ) ತುಂಬ ಪಾಚಿ ಇತ್ತು. ನನ್ನಲ್ಲಿ ಅದಿಲ್ಲ. ಇವತ್ತು ಏನು ಮಾಡಬೇಕು, ಮುಂದಕ್ಕೆ ಆಹಾರ ನಿಲ್ಲದ ಹಾಗೆ ಏನು ವ್ಯವಸ್ಥೆ ಮಾಡಿಕೊಳ್ಳಬೇಕು, ಎರಡನ್ನೂ ದಯವಿಟ್ಟು ಹೇಳಿ.

ಹವಳದಿಬ್ಬ (ಮೈಸೂರು)

ಉಪ್ಪುನೀರು ಅವರೇ, ಮೀನಿಗೆ ಕಾಯಿಲೆ ಏನೂ ಇಲ್ಲ. ಅದು ಕುಕ್ಕುತ್ತಿರುವ ಕಲ್ಲಿನ ಮೇಲೆ ತಿನ್ನೋಕೆ ಏನೂ ಇಲ್ಲ, ಅಷ್ಟೇ. ಸೆರಾಮಿಕ್ ಕಲ್ಲು ಬರಿ ಕಲ್ಲಾಗೇ ಬರುತ್ತೆ, ಅದರ ಜೊತೆ ಕೋಪೆಪಾಡ್ (ಚಿಕ್ಕದಾಗಿ ಪಾಡ್, ಮೀನು ತಿನ್ನುವ ಸೂಕ್ಷ್ಮ ಕಡಲಜೀವಿ) ಬರಲ್ಲ. ಇದ್ದ ನಾಲ್ಕು ಪಾಡ್‌ಗಳನ್ನೂ ಸಿಕ್ಸ್‌ಲೈನ್ ರಾಸ್ ತಿಂದು ಮುಗಿಸಿರುತ್ತೆ. ಅದರ ಊಟವೂ ಅದೇ. ಸಾಧ್ಯವಾದರೆ ರಾಸ್‌ಗೆ ಬೇರೆ ಮನೆ ಹುಡುಕಿ.

ಇವತ್ತಿನ ಕೆಲಸ ಡಬ್ಬದಲ್ಲಿ ಸಿಗುವ ಒಣ ಮೊಟ್ಟೆಯಿಂದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿ ಮಾಡಿಸೋದು. ಬಹಳಷ್ಟು ಮ್ಯಾಂಡರಿನ್‌ಗಳು ಚಲಿಸುವ ಆರ್ಟೀಮಿಯಾ ಮರಿಯನ್ನು ಬಿಡಲ್ಲ. ಎರಡು ಲೀಟರ್ ಪೆಟ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ, ಏರ್ ಟ್ಯೂಬು ಕೆಳಗಿನ ಮೂತಿಯವರೆಗೆ ಮುಟ್ಟಲಿ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಉಪ್ಪು, ಪಿಎಚ್ ಎಂಟರ ಮೇಲಿರಲಿ ಅಂತ ಒಂದು ಚಿಟಿಕೆ ಅಡುಗೆ ಸೋಡಾ, ಒಂದೆರಡು ಗ್ರಾಂ ಮೊಟ್ಟೆ. ಗಾಳಿ ಜೋರಾಗಿರಲಿ, ಮೊಟ್ಟೆ ಎಲ್ಲೂ ಕೂರಬಾರದು. ಪಕ್ಕದಲ್ಲೇ ಬಲ್ಬ್ ಉರಿಯುತ್ತಿರಲಿ. 27, 28 ಡಿಗ್ರಿ ಇದ್ದರೆ ಒಂದು ಹಗಲು ರಾತ್ರಿಯಲ್ಲಿ ಮರಿ ಬರುತ್ತೆ. ಬೆಂಗಳೂರಿನ ಡಿಸೆಂಬರ್ ಚಳಿಗೆ ಇನ್ನರ್ಧ ದಿನ ಹೆಚ್ಚು ಹಿಡಿಯುತ್ತೆ.

ಮರಿ ತೆಗೆಯುವಾಗ ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಖಾಲಿ ಸಿಪ್ಪೆ ಮೇಲೆ ತೇಲುತ್ತೆ, ಒಡೆಯದ ಮೊಟ್ಟೆ ತಳಕ್ಕೆ ಕೂರುತ್ತೆ. ಮೇಲ್ಭಾಗಕ್ಕೆ ಬಟ್ಟೆ ಮುಚ್ಚಿ ಕೆಳಭಾಗಕ್ಕೆ ಟಾರ್ಚ್ ಹಿಡಿದರೆ ಮರಿಗಳು ಬೆಳಕಿಗೆ ಬಂದು ಕಿತ್ತಳೆ ಬಣ್ಣದ ಮೋಡದ ಹಾಗೆ ಸೇರುತ್ತವೆ. ಮೊದಲು ಬರುವ ಸ್ವಲ್ಪ ನೀರು ಚೆಲ್ಲಿ, ಆಮೇಲಿನದನ್ನು ತೆಳು ಜರಡಿಯಲ್ಲಿ ಹಿಡಿದು ಶುದ್ಧ ಉಪ್ಪುನೀರಲ್ಲಿ ತೊಳೆದು ಕೊಡಿ. ಸಿಪ್ಪೆ ಹೊಟ್ಟೆಗೆ ಹೋಗಬಾರದು. ಸಣ್ಣ ಮೀನಿನ ಕರುಳಲ್ಲಿ ಸಿಕ್ಕಿಕೊಳ್ಳುತ್ತೆ.

ಕೊಡುವಾಗ ಅಲೆ ಪಂಪು, ರಿಟರ್ನ್ ಪಂಪು ಎರಡೂ ಆರಿಸಿ, ಉದ್ದ ಪಿಪೆಟ್‌ನಲ್ಲಿ ಮ್ಯಾಂಡರಿನ್ ಇರುವ ಕಲ್ಲಿನ ಹತ್ತಿರವೇ ಬಿಡಿ. ಕ್ಲೌನ್‌ಗಳು ನುಗ್ಗಿ ಕಬಳಿಸುತ್ತವೆ ಅಂದರೆ ಟ್ಯಾಂಕಿನೊಳಗೇ ತೂಗುಹಾಕುವ ಮರಿ ಪೆಟ್ಟಿಗೆಯಲ್ಲಿ ಒಂದು ಸಣ್ಣ ಕಲ್ಲಿನ ಜೊತೆ ಮೀನನ್ನು ಬಿಟ್ಟು ಅಲ್ಲೇ ತಿನ್ನಿಸಿ. ದಿನಕ್ಕೆ ಒಮ್ಮೆ ಸಾಲದು. ನಿಧಾನವಾಗಿ ಇಡೀ ದಿನ ಮೇಯುವ ಮೀನು ಇದು. ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ.

ಆದರೆ ಇದು ತಾತ್ಕಾಲಿಕ. ಮೀನು ಉಳಿಯಬೇಕಂದರೆ ಮನೆಯಲ್ಲಿ ಕೋಪೆಪಾಡ್ ಬೆಳೆಯಬೇಕು, ಕೋಪೆಪಾಡ್‌ಗೆ ಪಾಚಿ ಬೆಳೆಯಬೇಕು. ಅದನ್ನು ರಾತ್ರಿ ವಿವರವಾಗಿ ಬರೀತೀನಿ.

ಕಡಲತಡಿ (ಸುರತ್ಕಲ್)

ಆರ್ಟೀಮಿಯಾ ಮೊಟ್ಟೆಯ ಬಗ್ಗೆ ಒಂದು ಮಾತು ಸೇರಿಸ್ತೇನೆ. ಡಬ್ಬ ಒಡೆದ ಮೇಲೆ ಅದನ್ನು ಸಣ್ಣ ಸಣ್ಣ ಗಾಳಿಯಾಡದ ಬಾಟಲಿಗಳಿಗೆ ತುಂಬಿ ಫ್ರಿಜ್ಜಿನಲ್ಲಿ ಇಡಿ. ನಮ್ಮಲ್ಲಿ ಜೂನ್ ಬಂತೆಂದರೆ ಉಪ್ಪಿನ ಭರಣಿಯೇ ನೀರು ಬಿಡ್ತದೆ, ಮೊಟ್ಟೆ ಬಿಡ್ತದಾ? ತೇವ ಹೀರಿದ ಮೊಟ್ಟೆ ಅರ್ಧಕ್ಕರ್ಧ ಒಡೆಯುವುದಿಲ್ಲ. ಒಂದು ಬಾಟಲಿ ಮುಗಿಯುವವರೆಗೆ ಇನ್ನೊಂದರ ಮುಚ್ಚಳ ತೆಗೆಯಬೇಡಿ.

ರೂಪಕ್ಕ (ದಾವಣಗೆರೆ)

ನಾನು ಸಿಹಿನೀರಿನ ಮೀನು ಸಾಕ್ತೀನಿ, ಕುತೂಹಲಕ್ಕೆ ಕೇಳ್ತಿದೀನಿ. ಅಂಗಡಿಯಲ್ಲಿ ಜೀವಂತ ಟ್ಯೂಬಿಫೆಕ್ಸ್ ಹುಳು ಸಿಗುತ್ತಲ್ಲ, ಸೊಳ್ಳೆ ಮರಿ ಬಕೆಟ್ಟಿನಲ್ಲೇ ಆಗುತ್ತೆ, ಡಾಫ್ನಿಯಾ (ನೀರುಚಿಗಟ) ಕೂಡ ಸುಲಭ. ಅದನ್ನೇ ಕೊಟ್ಟರೆ ಆಗಲ್ವಾ?

ಜಲಚರ (ಮಂಗಳೂರು)

ರೂಪಕ್ಕ, ಒಳ್ಳೆಯ ಪ್ರಶ್ನೆ. ನಾನು ಮೀನುಗಾರಿಕೆ ಓದಿದವನು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲನೆಯದು, ಸಿಹಿನೀರಿನ ಜೀವಿಗಳು ಕಡಲ ನೀರಿನಲ್ಲಿ ಬಹಳ ಹೊತ್ತು ಬದುಕುವುದಿಲ್ಲ. ಡಾಫ್ನಿಯಾ ಬಿದ್ದ ಸ್ವಲ್ಪ ಹೊತ್ತಿಗೇ ನಿಶ್ಚಲವಾಗುತ್ತದೆ. ಚಲನೆ ನೋಡಿಯೇ ಬಾಯಿ ಹಾಕುವ ಮೀನಿಗೆ ಅದು ಸತ್ತ ಆಹಾರವೇ. ತಿನ್ನದೆ ಬಿಟ್ಟದ್ದು ಕಲ್ಲಿನ ಸಂದಿಯಲ್ಲಿ ಕೊಳೆತು ಅಮೋನಿಯಾ ಏರಿಸುತ್ತದೆ.

ಎರಡನೆಯದು ಇನ್ನೂ ಮುಖ್ಯ. ಕಡಲ ಮೀನುಗಳಿಗೆ ಡಿಎಚ್‌ಎ, ಇಪಿಎ ಎಂಬ ಕೊಬ್ಬಿನಾಮ್ಲಗಳು ಆಹಾರದಿಂದಲೇ ಸಿಗಬೇಕು. ಸಿಹಿನೀರಿನ ಮೀನುಗಳಲ್ಲಿ ಹಲವು, ಸಸ್ಯಮೂಲದ ಸರಳ ಕೊಬ್ಬಿನಿಂದ ಇವನ್ನು ಸ್ವಲ್ಪಮಟ್ಟಿಗೆ ತಾವೇ ತಯಾರಿಸಿಕೊಳ್ಳುತ್ತವೆ. ಬಹುತೇಕ ಕಡಲ ಮೀನುಗಳಿಗೆ ಆ ಶಕ್ತಿ ಅತ್ಯಲ್ಪ. ಕಡಲಿನಲ್ಲಿ ಸೂಕ್ಷ್ಮ ಪಾಚಿ ಇವನ್ನು ತಯಾರಿಸುತ್ತದೆ, ಕೋಪೆಪಾಡ್ ಪಾಚಿ ತಿಂದು ಕೂಡಿಡುತ್ತದೆ, ಮೀನು ಕೋಪೆಪಾಡ್ ತಿನ್ನುತ್ತದೆ.

ಆರ್ಟೀಮಿಯಾದ ಕೊರತೆಯೂ ಇಲ್ಲೇ ಇದೆ. ಅದರಲ್ಲಿ ಡಿಎಚ್‌ಎ ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಮೊಟ್ಟೆ ಒಡೆದು ಬಂದ ಮೊದಲ ಹಂತದ ಮರಿಗೆ ಬಾಯಿಯೇ ತೆರೆದಿರುವುದಿಲ್ಲ. ತನ್ನೊಳಗಿನ ಹಳದಿ ಸಾರದಲ್ಲೇ ಬದುಕುತ್ತದೆ, ಗಂಟೆ ಗಂಟೆಗೂ ಅದು ಕರಗುತ್ತದೆ. ಬೆಚ್ಚಗಿನ ನೀರಿನಲ್ಲಿ ಸುಮಾರು ಎಂಟು ಗಂಟೆಗೆ ಪೊರೆ ಬಿಟ್ಟು ಎರಡನೇ ಹಂತಕ್ಕೆ ಬಂದ ಮೇಲೆ ತಿನ್ನತೊಡಗುತ್ತದೆ. ಆದ್ದರಿಂದ ಎರಡೇ ದಾರಿ: ಒಡೆದ ಕೂಡಲೇ ಮೀನಿಗೆ ಕೊಡುವುದು, ಇಲ್ಲವೇ ಎರಡನೇ ಹಂತಕ್ಕೆ ಬಿಟ್ಟು, ಡಿಎಚ್‌ಎ ಇರುವ ಎಮಲ್ಷನ್ (ನೀರಿನಲ್ಲಿ ಬೆರೆಯುವ ಎಣ್ಣೆ) ಅಥವಾ ಐಸೊಕ್ರೈಸಿಸ್ ಪಾಚಿಯನ್ನು ಅರ್ಧ ದಿನ ತಿನ್ನಿಸಿ, ತೊಳೆದು ಕೊಡುವುದು. ನಡುವಿನ ಹಸಿದ ಮರಿಯನ್ನು ಕೊಟ್ಟರೆ ಮೀನಿನ ಹೊಟ್ಟೆ ತುಂಬಿದಂತೆ ಕಾಣುತ್ತದೆ, ಮೈ ಮಾತ್ರ ಕರಗುತ್ತಲೇ ಹೋಗುತ್ತದೆ. ಮ್ಯಾಂಡರಿನ್ ಸಾಕುವವರು ಬೇಸರಪಟ್ಟು ಕೈಬಿಡುವುದು ಬಹಳ ಸಲ ಈ ಹಂತದಲ್ಲೇ.

ಹವಳದಿಬ್ಬ (ಮೈಸೂರು)

ಜಲಚರ ಸರ್, ತುಂಬಾ ಧನ್ಯವಾದ. ಈಗ ಪಾಚಿ ಮತ್ತು ಪಾಡ್ ವಿಷಯಕ್ಕೆ ಬರ್ತೀನಿ.

ಪಾಚಿ ಅಂದರೆ ಗಾಜಿಗೆ ಅಂಟುವ ಪಾಚಿ ಅಲ್ಲ, ನೀರಿನಲ್ಲೇ ತೇಲಿಕೊಂಡು ನೀರನ್ನು ಹಸಿರು ಮಾಡುವ ಸೂಕ್ಷ್ಮ ಪಾಚಿ. ಮೂರು ಹೆಸರು ನೆನಪಿಡಿ. ನ್ಯಾನೊಕ್ಲೊರಾಪ್ಸಿಸ್ ಬಹಳ ಗಟ್ಟಿ ಜೀವ, ಹೊಸಬರ ಕೈಯಲ್ಲೂ ಬೆಳೆಯುತ್ತೆ, ಇಪಿಎ ಚೆನ್ನಾಗಿದೆ, ಡಿಎಚ್‌ಎ ಇಲ್ಲ. ಐಸೊಕ್ರೈಸಿಸ್ ಹೊಂಬಣ್ಣದ್ದು, ಡಿಎಚ್‌ಎ ಇದೆ, ಸ್ವಲ್ಪ ನಾಜೂಕು, ಬೇಸಿಗೆಯ ಬಿಸಿಗೆ ಬೇಗ ಸಾಯುತ್ತೆ. ಟೆಟ್ರಾಸೆಲ್ಮಿಸ್ ಇವೆರಡಕ್ಕಿಂತ ದೊಡ್ಡದು, ತಾನೇ ಈಜುತ್ತೆ, ಕೋಪೆಪಾಡ್‌ಗಳಿಗೆ ಬಲು ಇಷ್ಟ. ನ್ಯಾನೊದಿಂದ ಶುರು ಮಾಡಿ, ಕೈ ಕುದುರಿದ ಮೇಲೆ ಐಸೊ ಅಥವಾ ಟೆಟ್ರಾ ಸೇರಿಸಿ. ಬರೀ ನ್ಯಾನೊದಲ್ಲಿ ವರ್ಷಗಟ್ಟಲೆ ನಡೆಸಬೇಡಿ.

ಎರಡು ಲೀಟರ್ ಬಾಟಲಿ, ಆರ್‌ಒ ನೀರಲ್ಲಿ ಕಲಸಿದ ಉಪ್ಪುನೀರು (1.020ರ ಆಸುಪಾಸು ಸಾಕು), ಎಫ್/2 ಅನ್ನೋ ಪಾಚಿ ಗೊಬ್ಬರ ಪ್ಯಾಕೆಟ್ಟಿನಲ್ಲಿ ಹೇಳಿದಷ್ಟು, ಬಿಳಿ ಎಲ್‌ಇಡಿ ಟ್ಯೂಬ್‌ಲೈಟು ದಿನಕ್ಕೆ 16 ಗಂಟೆ. ಏರ್ ಸ್ಟೋನ್ ಬೇಡ, ಗಟ್ಟಿ ಪ್ಲಾಸ್ಟಿಕ್ ಕೊಳವೆ ತಳದವರೆಗೆ ಇಳಿಸಿ ದಪ್ಪ ಗುಳ್ಳೆ ಬರಿಸಿ. ನೀರನ್ನು ಮೊದಲೇ ಶುದ್ಧ ಮಾಡಿ: ಲೀಟರಿಗೆ ಸುಮಾರು 1 ಮಿ.ಲೀ. ವಾಸನೆಯಿಲ್ಲದ ಬ್ಲೀಚ್ ಹಾಕಿ ರಾತ್ರಿ ಬಿಟ್ಟು, ಬೆಳಗ್ಗೆ ಸೋಡಿಯಂ ಥಯೋಸಲ್ಫೇಟ್ ಹಾಕಿದರೆ ಕ್ಲೋರಿನ್ ಹೋಗುತ್ತೆ. ಅಕ್ವೇರಿಯಂ ಅಂಗಡಿಯಲ್ಲಿ ಆಂಟಿಕ್ಲೋರಿನ್ ಹರಳು ಅಂತ ಕೊಡೋದು ಅದನ್ನೇ. ಬ್ಲೀಚಿನ ಜೊತೆ ಟಾಯ್ಲೆಟ್ ಕ್ಲೀನರ್, ವಿನೆಗರ್, ಯಾವ ಆಮ್ಲವೂ ಸೇರಬಾರದು. ವಿಷಗಾಳಿ ಏಳುತ್ತೆ.

ಆ ನೀರಿಗೆ ಪಾಚಿಯ ಹೆಪ್ಪು ಬಿಟ್ಟರೆ ಸುಮಾರು ಒಂದು ವಾರದಲ್ಲಿ ನೀರು ಕಡು ಹಸಿರಾಗುತ್ತೆ. ಆಗ ಅರ್ಧ ತೆಗೆದು ಫ್ರಿಜ್ಜಿಗೆ, ಉಳಿದರ್ಧಕ್ಕೆ ಹೊಸ ನೀರು, ಹೊಸ ಗೊಬ್ಬರ. ಮೊಸರಿಗೆ ಹೆಪ್ಪು ಎತ್ತಿಡುವ ಹಾಗೆ ಪ್ರತಿ ಸಲವೂ ಒಂದು ಸಣ್ಣ ಬಾಟಲಿ ಹೆಪ್ಪು ಬೇರೆ ಕೋಣೆಯಲ್ಲಿ ಎತ್ತಿಟ್ಟಿರಬೇಕು. ಫ್ರಿಜ್ಜಿನಲ್ಲಿಟ್ಟ ಬಾಟಲಿಯನ್ನು ದಿನವೂ ಒಮ್ಮೆ ಅಲ್ಲಾಡಿಸಿ, ಮೂರು ವಾರದೊಳಗೆ ಬಳಸಿ. ಕೊಳೆತ ಮೊಟ್ಟೆ ವಾಸನೆ ಬಂದರೆ ಚೆಲ್ಲಿಬಿಡಿ.

ಈಗ ಪಾಡ್. ಹತ್ತು ಲೀಟರಿನ ಅಗಲ ಬಾಯಿಯ ಬಕೆಟ್ ಎರಡು ತಗೊಳ್ಳಿ. ಎರಡು ಅಂತ ಯಾಕೆ ಹೇಳ್ತೀನಿ ಅಂದರೆ, ಒಂದು ಕಲ್ಚರ್ (ಬೆಳೆಸುತ್ತಿರುವ ಪಾಡ್ ಸಂಸಾರ) ಯಾವತ್ತೋ ಒಂದು ದಿನ ನಾಶವಾಗೇ ಆಗುತ್ತೆ. ಮೀನು ಅಲ್ಲಿವರೆಗೆ ಕಾಯಲ್ಲ. ಟಿಸ್ಬೆ ಜಾತಿಯ ಪಾಡ್‌ನಿಂದ ಶುರು ಮಾಡಿ. ಸಣ್ಣದು, ಗೋಡೆ ಮತ್ತು ತಳದಲ್ಲಿ ಹರಿದಾಡುತ್ತೆ, ನಮ್ಮ ಮನೆಗಳ 22ರಿಂದ 28 ಡಿಗ್ರಿಗೆ ಹೇಳಿ ಮಾಡಿಸಿದ್ದು. ಸೆಕೆಂಡಿಗೆ ಒಂದೆರಡು ದಪ್ಪ ಗುಳ್ಳೆ ಬಂದರೆ ಸಾಕು. ಪಾಚಿಯನ್ನು ನೀರು ತಿಳಿ ಹಸಿರಾಗುವಷ್ಟೇ ಹಾಕಿ, ಅದು ತಿಳಿಯಾದ ಮೇಲೆ ಮತ್ತೆ ಹಾಕಿ. ಬಕೆಟ್ಟಿನ ನೀರು ಮಬ್ಬಾಗಿ ವಾಸನೆ ಬಂದರೆ ಊಟ ಹೆಚ್ಚಾಯಿತು ಅಂತ ಅರ್ಥ, ಮೂರನೇ ಒಂದು ಭಾಗ ನೀರು ಬದಲಾಯಿಸಿ.

ಕತ್ತಲಲ್ಲಿ ಟಾರ್ಚ್ ಹಾಕಿ ಬಕೆಟ್ಟಿನ ಗೋಡೆಗೆ ಭೂತಗನ್ನಡಿ ಹಿಡಿದು ನೋಡಿ. ಬಿಳಿ ಚುಕ್ಕಿಗಳು ತಡೆದು ತಡೆದು ಓಡುತ್ತವೆ. ಕೆಲವಕ್ಕೆ ಬಾಲದ ಬುಡದಲ್ಲಿ ಒಂದು ಉಂಡೆ ಅಂಟಿಕೊಂಡಿರುತ್ತೆ. ಅದು ಮೊಟ್ಟೆಚೀಲ. ಅಂಥ ಹೆಣ್ಣುಗಳು ಕಂಡರೆ ಕಲ್ಚರ್ ಚೆನ್ನಾಗಿದೆ ಅಂತ ನಂಬಬಹುದು. ಚೀಲ ಎರಡಿದ್ದರೆ ಅದು ಟಿಸ್ಬೆ ಅಲ್ಲ, ಅಪೊಸೈಕ್ಲಾಪ್ಸ್ ಥರದ, ಸೈಕ್ಲಪಾಯ್ಡ್ ಅನ್ನೋ ಬೇರೆ ಗುಂಪಿನ ಪಾಡ್. ಅದೂ ಒಳ್ಳೆಯದೇ, ಬಿಸಿಲು, ಉಪ್ಪಿನ ಏರುಪೇರು ಎರಡನ್ನೂ ಚೆನ್ನಾಗಿ ತಡೆದುಕೊಳ್ಳುತ್ತೆ.

ಉಪ್ಪುನೀರು (ಬೆಂಗಳೂರು)

ಮೇಡಂ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಆರ್ಟೀಮಿಯಾ ಬಾಟಲಿ ಓಡ್ತಿದೆ. ಮರಿ ಪೆಟ್ಟಿಗೆಯಲ್ಲಿ ಬಿಟ್ಟ ಕೂಡಲೇ ಮ್ಯಾಂಡರಿನ್ ಒಂದೊಂದಾಗಿ ಆರಿಸಿ ತಿನ್ನುತ್ತಿದೆ! ರಾಸ್ ಮೀನನ್ನು ಪಕ್ಕದ ರಸ್ತೆಯ ಹವ್ಯಾಸಿಯೊಬ್ಬರು ತಗೊಂಡು ಹೋದರು.

ಎರಡು ಅನುಮಾನ. ಪಾಡ್ ಬಕೆಟ್ಟಿನಿಂದ ಟ್ಯಾಂಕಿಗೆ ಹಾಕುವಾಗ ಎಷ್ಟು ತೆಗೀಬೇಕು, ಯಾವಾಗ ಹಾಕಬೇಕು? ಮತ್ತೆ ಪಾಚಿ, ಪಾಡ್, ಆರ್ಟೀಮಿಯಾ ಎಲ್ಲಾ ಒಂದೇ ಶೆಲ್ಫಿನಲ್ಲಿ ಇಟ್ಟರೆ ತೊಂದರೆ ಇದೆಯಾ? ಜಾಗ ಕಡಿಮೆ.

ಜಲಚರ (ಮಂಗಳೂರು)

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಪಾಚಿಯನ್ನು ಮೇಲಿನ ಹಲಗೆಯಲ್ಲಿ, ಪಾಡ್ ಕೆಳಗಿನದರಲ್ಲಿ ಇಡಿ. ತಿನ್ನುವ ಜೀವಿಯ ನೀರು ಪಾಚಿ ಬಾಟಲಿಗೆ ಒಂದು ಹನಿ ಸಿಡಿದರೂ ಸಾಕು, ಕಡು ಹಸಿರು ನೀರು ಕೆಲವೇ ದಿನಗಳಲ್ಲಿ ತಿಳಿಯಾಗಿಬಿಡುತ್ತದೆ. ಪಿಪೆಟ್, ಜರಡಿ, ಕೊಳವೆ, ಅಳತೆ ಲೋಟ ಪ್ರತಿಯೊಂದಕ್ಕೂ ಬೇರೆ ಬೇರೆ. ಬಣ್ಣದ ಟೇಪು ಸುತ್ತಿ ಗುರುತು ಮಾಡಿ. ಕೆಲಸದ ಕ್ರಮವೂ ಹಾಗೆಯೇ: ಮೊದಲು ಪಾಚಿ, ಆಮೇಲೆ ಪಾಡ್, ಕೊನೆಗೆ ಟ್ಯಾಂಕ್. ಟ್ಯಾಂಕಿನ ನೀರು ಮುಟ್ಟಿದ ಕೈಯನ್ನು ತೊಳೆಯದೆ ಪಾಚಿಗೆ ಹೋಗಬಾರದು.

ರೋಟಿಫರ್ (ಪಾಡ್‌ಗಿಂತಲೂ ಸಣ್ಣ ನೀರುಜೀವಿ) ಸಾಕುವ ಯೋಚನೆ ಇದ್ದರೆ ಬೇರೆ ಕೋಣೆಯಲ್ಲೇ ಇಡಿ. ಅದು ಪಾಡ್‌ಗಿಂತ ಬಹಳ ವೇಗವಾಗಿ ಹೆಚ್ಚುತ್ತದೆ, ಪಾಡ್ ಬಕೆಟ್ಟಿಗೆ ಹೊಕ್ಕರೆ ಅಲ್ಲಿನ ಊಟವನ್ನೆಲ್ಲ ತಾನೇ ತಿಂದು ಪಾಡ್‌ಗಳನ್ನು ಹಿಂದಿಕ್ಕುತ್ತದೆ. ನಿಮ್ಮ ದೊಡ್ಡ ಮ್ಯಾಂಡರಿನ್‌ಗೆ ರೋಟಿಫರ್ ಬೇಕಾಗಿಯೂ ಇಲ್ಲ. ಅದು ಮೊಟ್ಟೆಯೊಡೆದ ಮೀನುಮರಿಗಳ ಆಹಾರ. ಕ್ಲೌನ್ ಮರಿ ಮಾಡಿಸುವವರಿಗೆ ಬೇಕು.

ಹವಳದಿಬ್ಬ (ಮೈಸೂರು)

ಮೊದಲನೆಯದಕ್ಕೆ: ಬಕೆಟ್ ತುಂಬಿಕೊಂಡ ಮೇಲೆ, ಅಂದರೆ ಮೂರು ನಾಲ್ಕು ವಾರ ಮುಟ್ಟದೆ ಬಿಟ್ಟ ಮೇಲೆ, ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು 120 ಮೈಕ್ರಾನ್ ಜರಡಿಯಲ್ಲಿ ಸೋಸಿ. ದೊಡ್ಡವು ಮೇಲೆ ನಿಲ್ಲುತ್ತವೆ, ಮರಿಗಳು ಕೆಳಗೆ ಇಳಿಯುತ್ತವೆ. ಇಳಿದದ್ದನ್ನು 50 ಮೈಕ್ರಾನ್ ಜರಡಿಯಲ್ಲಿ ಹಿಡಿದು ವಾಪಸ್ ಬಕೆಟ್ಟಿಗೇ ಬಿಡಿ.

ಟ್ಯಾಂಕಿಗೆ ಹಾಕೋದು ರಾತ್ರಿ, ಲೈಟ್ ಆರಿ ಮೀನುಗಳೆಲ್ಲ ಮಲಗಿದ ಮೇಲೆ. ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ), ಯುವಿ ದೀಪ, ಪಂಪು ಒಂದೆರಡು ಗಂಟೆ ಆರಿಸಿ, ಫಿಲ್ಟರ್ ಸಾಕ್ಸ್ ತೆಗೆದಿಡಿ. ಬೆಳಗಾಗುವಷ್ಟರಲ್ಲಿ ಕಲ್ಲಿನ ಸಂದಿಗಳಲ್ಲಿ ಸೇರಿಕೊಂಡಿರುತ್ತವೆ. ಒಂದು ಮೂಲೆಯಲ್ಲಿ ಸಣ್ಣ ಕಲ್ಲು ಚೂರುಗಳನ್ನು ಗುಪ್ಪೆ ಹಾಕಿ, ಮೀನಿನ ಮೂತಿ ತೂರದ ಸಂದಿಗಳಿರಲಿ. ಅಲ್ಲಿ ಮರಿ ಮಾಡಿದವು ಹೊರಗೆ ಬಂದಾಗ ಮ್ಯಾಂಡರಿನ್‌ಗೆ ಸಿಗುತ್ತವೆ. ಸಂಪಿನಲ್ಲಿ ಜಾಗ ಇದ್ದರೆ ಕೀಟೊಮಾರ್ಫಾ ಪಾಚಿ ಗುಡ್ಡೆ ಹಾಕಿ, ಟ್ಯಾಂಕಿನ ಲೈಟ್ ಆರಿದಾಗ ಅಲ್ಲಿ ಲೈಟ್ ಉರಿಯಲಿ. ಅದರ ಎಳೆಗಳ ನಡುವೆ ಪಾಡ್ ಸಂಸಾರ ಬೆಳೆದು ಪಂಪಿನ ಮೂಲಕ ಮೇಲೆ ಬರುತ್ತೆ. ಪಂಪಿನಲ್ಲಿ ಎಲ್ಲಾ ಸಾಯುತ್ತವೆ ಅನ್ನೋ ಭಯ ಬೇಡ, ಬಹಳಷ್ಟು ಜೀವಂತವಾಗೇ ದಾಟುತ್ತವೆ.

ತಾಮ್ರದ ಔಷಧಿ ಯಾವತ್ತೂ ಈ ಟ್ಯಾಂಕಿಗೆ ಹಾಕಬೇಡಿ. ಪಾಡ್ ಪೂರ್ತಿ ನಾಶವಾಗುತ್ತೆ. ಬೇರೆ ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ಬೇರೆ ತೊಟ್ಟಿಯಲ್ಲೇ ಚಿಕಿತ್ಸೆ.

ಪೆಸಿಫಿಕ್ ಕನ್ನಡಿಗ (ಸ್ಯಾನ್ ಡಿಯಾಗೊ)

ಚರ್ಚೆ ಓದಿ ಖುಷಿಯಾಯ್ತು. ಇಲ್ಲಿ ನಮಗೆ ಅಂಗಡಿಯಲ್ಲೇ ಪಾಡ್ ಬಾಟಲಿ ಸಿಗುತ್ತೆ, ಹ್ಯಾಚರಿಯಲ್ಲಿ ಹುಟ್ಟಿ ಫ್ರೋಜನ್ ತಿನ್ನೋಕೆ ಕಲಿತ ಮ್ಯಾಂಡರಿನ್ ಕೂಡ ಸಿಗುತ್ತೆ. ಇಲ್ಲಿನ ಕಡಲಂಚಿನ ಬಂಡೆಗಳ ಮೇಲೆ, ಅಲೆ ಸಿಡಿದು ನಿಂತ ಸಣ್ಣ ಗುಂಡಿಗಳಲ್ಲಿ ಟಿಗ್ರಿಯೋಪಸ್ ಅನ್ನೋ ಕೆಂಪು ಪಾಡ್ ಇರುತ್ತೆ. ಗುಂಡಿಗೆ ಬಗ್ಗಿ ನೋಡಿದರೆ ಬರಿಗಣ್ಣಿಗೇ ಕೆಂಪು ಚುಕ್ಕಿಗಳು ಪಿಳ್ಳನೆ ಹಾರಾಡೋದು ಕಾಣುತ್ತೆ. ಬಿಸಿಲಿಗೆ ಗುಂಡಿ ಆರಿ ಉಪ್ಪು ಏರಿದರೂ, ಮಳೆ ಬಿದ್ದು ಇಳಿದರೂ ಬದುಕುವ ಜೀವ. ಟಿಸ್ಬೆಗಿಂತ ದಪ್ಪ, ನಡುನೀರಲ್ಲಿ ಹಾರಾಡೋದರಿಂದ ಮೀನಿನ ಕಣ್ಣಿಗೆ ಬೇಗ ಬೀಳುತ್ತೆ. ಹಸಿವು ಬಿಟ್ಟ ಮೀನಿಗೆ ಅದನ್ನು ತೋರಿಸಿದರೆ ಹುಮ್ಮಸ್ಸು ಬರುತ್ತೆ.

ನನ್ನ ಅಭಿಪ್ರಾಯ: ಇಷ್ಟೊಂದು ಬಕೆಟ್, ಬಾಟಲಿ ಯಾಕೆ? ತಿಂಗಳಿಗೊಂದು ಪಾಡ್ ಬಾಟಲಿ ತಂದು ಸುರಿದರೆ ಆಗಲ್ವಾ?

ಹವಳದಿಬ್ಬ (ಮೈಸೂರು)

ನಿಮ್ಮ ಊರಲ್ಲಿ ಆಗಬಹುದು, ಇಲ್ಲಿ ಆಗಲ್ಲ. ಇಲ್ಲಿ ಬಾಟಲಿ ಸಿಗೋದು ಅಪರೂಪ, ಸಿಕ್ಕರೂ ದಾರಿಯ ಬಿಸಿಲಿಗೆ ಒಳಗಿರೋದು ಬದುಕಿರುತ್ತೋ ಇಲ್ಲವೋ. ತೆಗೆದುಕೊಳ್ಳುವವರು ಮನೆಗೆ ತಂದ ಕೂಡಲೇ ಬಿಳಿ ತಟ್ಟೆಗೆ ಸ್ವಲ್ಪ ಸುರಿದು, ಚಲನೆ ಇದೆಯಾ ಅಂತ ಲೆನ್ಸ್ ಹಿಡಿದು ನೋಡಿ.

ಬಾಟಲಿ ಎಲ್ಲೆಡೆ ಸಿಕ್ಕಿದರೂ ನನ್ನ ಮಾತು ಅದೇ. ಒಂದು ಮ್ಯಾಂಡರಿನ್ ಹಗಲೆಲ್ಲ ಕುಕ್ಕುತ್ತಲೇ ಇರುತ್ತೆ. ಚಿಕ್ಕ ಟ್ಯಾಂಕಿನಲ್ಲಿ ಒಂದು ಬಾಟಲಿ ಪಾಡ್ ಅದಕ್ಕೆ ಕೆಲವು ದಿನದ ಊಟ. ತಿಂಗಳಲ್ಲಿ ಉಳಿದ ದಿನ ಏನು ತಿನ್ನಬೇಕು? ಬಾಟಲಿಯನ್ನು ಟ್ಯಾಂಕಿಗೆ ಸುರಿಯಬೇಡಿ, ಬಕೆಟ್ಟಿಗೆ ಸುರಿಯಿರಿ. ಅದು ಹೆಪ್ಪು, ಊಟ ಅಲ್ಲ. ನನಗೆ ಕೇಳಿದರೆ, ಬಕೆಟ್ಟಿನಲ್ಲಿ ಪಾಡ್ ತುಂಬಿಕೊಳ್ಳುವ ತನಕ ಮ್ಯಾಂಡರಿನ್ ಖರೀದಿ ಮಾಡಲೇಬಾರದು. ಉಪ್ಪುನೀರು ಅವರ ಮನೆಗೆ ಮೀನೇ ಮೊದಲು ಬಂತು, ಅದು ಬೇರೆ ಸಂಗತಿ. ಅಂಗಡಿಯಲ್ಲಿ ಬಣ್ಣಕ್ಕೆ ಮನಸೋತು ಕೊಳ್ಳುವವರಿಗೆ ಈ ಮಾತು ಹೇಳ್ತಿದೀನಿ.

ಟಿಗ್ರಿಯೋಪಸ್ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ನಡುನೀರಲ್ಲಿ ಹಾರಾಡೋದರಿಂದಲೇ ಟ್ಯಾಂಕಿನಲ್ಲಿ ಬೇಗ ಖಾಲಿಯಾಗುತ್ತೆ, ನೆಲೆ ನಿಲ್ಲಲ್ಲ. ತಂಪಿನಲ್ಲೇ ಚೆನ್ನಾಗಿ ಹೆಚ್ಚೋದು. ನೆಲೆ ನಿಲ್ಲೋಕೆ ಟಿಸ್ಬೆಯೇ ಬೇಕು.

ಪೆಸಿಫಿಕ್ ಕನ್ನಡಿಗ (ಸ್ಯಾನ್ ಡಿಯಾಗೊ)

ಒಪ್ಪಿದೆ ಮೇಡಂ. ಬಾಟಲಿಯನ್ನು ಬಕೆಟ್ಟಿಗೆ ಹಾಕೋ ಮಾತು ಇಲ್ಲಿಗೂ ಸಲ್ಲುತ್ತೆ. ಒಂದು ಬಕೆಟ್ ನಾನೂ ಇಡ್ತೀನಿ.

ಗಾಜಿನಮನಿ (ಹುಬ್ಬಳ್ಳಿ)

ನಮ್ಮ ಕಡೆ ತ್ರಾಸು ಬ್ಯಾರೆನ ಐತ್ರಿ. ಏಪ್ರಿಲ್ ತಿಂಗಳದಾಗ ಮನಿ ಒಳಗನ 34, 35 ಡಿಗ್ರಿ ಆಕ್ಕೈತಿ, ಮ್ಯಾಲೆ ಕರೆಂಟ್ ಹೋಗತೈತಿ. ಟ್ಯಾಂಕಿಗೆ ಚಿಲ್ಲರ್ ಐತಿ, ಬಕೆಟ್ಟಿಗೆಲ್ಲಿಂದ ತರೂದ್ರಿ? ನಾ ಮಾಡೂದು ಹೇಳತೀನಿ, ಯಾರಿಗರೆ ಉಪಯೋಗ ಆದೀತು.

ಬಕೆಟ್ ನೆಲದ ಮ್ಯಾಲೆ ಇಡ್ರಿ, ಶೆಲ್ಫಿನ ಮ್ಯಾಲೆ ಬ್ಯಾಡ. ದೊಡ್ಡ ಪರಾತದಾಗ ನೀರು ಹಾಕಿ ಅದರಾಗ ಬಕೆಟ್ ನಿಲ್ಲಿಸಿ, ಸುತ್ತಲೂ ಹಸಿ ಗೋಣಿಚೀಲ ಸುತ್ತಿ ಫ್ಯಾನಿನ ಗಾಳಿ ಬಿಡ್ರಿ. ನಮ್ಮದು ಒಣ ಹವಾ, ನೀರು ಆರಿಧಂಗ ಬಕೆಟ್ ತಂಪಾಕ್ಕೈತಿ, ಮೂರು ನಾಕು ಡಿಗ್ರಿ ಇಳೀತೈತಿ. ಆದರ ಬಕೆಟ್ಟಿನ ಒಳಗಿನ ನೀರೂ ಆರತೈತಿ, ಉಪ್ಪು ಏರತೈತಿ. ಮೊದಲನೇ ದಿನ ನೀರಿನ ಮಟ್ಟಕ್ಕ ಟೇಪು ಹಚ್ಚಿ ಇಡ್ರಿ, ಇಳಿದಷ್ಟು ಬರೇ ಆರ್‌ಒ ನೀರು ತುಂಬ್ರಿ, ಉಪ್ಪುನೀರು ತುಂಬಬ್ಯಾಡ್ರಿ.

ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಬೇಕ ಬೇಕು. ಅಗಲ ಬಾಯಿ ಬಕೆಟ್ ಆದರ ಗಾಳಿ ಇಲ್ಲದನೂ ಸ್ವಲ್ಪ ತಾಸು ತಡೀತಾವ. ಪಾಚಿ ಬಾಟ್ಲಿ ಕೈಲೆ ಅಲುಗಾಡಿಸಿದರೂ ನಡೀತೈತಿ. ಆರ್ಟೀಮಿಯಾ ಬಾಟ್ಲಿ ಮಾತ್ರ ಗಾಳಿ ನಿಂತರ ಲಗೂನ ಹಾಳಾಕ್ಕೈತಿ.

ಕಡಲತಡಿ (ಸುರತ್ಕಲ್)

ಗಾಜಿನಮನಿಯವರ ಗೋಣಿಚೀಲದ ಉಪಾಯ ಕರಾವಳಿಯಲ್ಲಿ ನಡೆಯುವುದಿಲ್ಲ ಮಾರಾಯ್ರೆ, ಇಲ್ಲಿನ ಗಾಳಿಯಲ್ಲಿ ಗೋಣಿ ಆರುವುದೇ ಇಲ್ಲ. ನಾವು ಅಪೊಸೈಕ್ಲಾಪ್ಸ್ ಇಟ್ಟುಕೊಂಡರೆ ಒಳ್ಳೆಯದು.

ಹಲವರು ನನ್ನ ಹತ್ರ ಕೇಳುವುದುಂಟು, ನೀವು ಕಡಲ ಬದಿಯಲ್ಲೇ ಇದ್ದೀರಿ, ಬಲೆ ಹಾಕಿ ಪಾಡ್ ಹಿಡಿದು ತರಬಾರದಾ ಅಂತ. ತರಬಹುದು, ಸಿಗ್ತದೆ ಕೂಡ. ಆದರೆ ಬಲೆಯಲ್ಲಿ ಪಾಡ್ ಜೊತೆ ಮೀನಿನ ಮೈಗೆ ಹತ್ತುವ ಐಸೋಪಾಡ್, ಕುಟುಕುವ ಹೈಡ್ರಾಯ್ಡ್, ರೋಗದ ಬೀಜ, ಬೋಟಿನ ಡೀಸೆಲ್ ಎಲ್ಲ ಬರ್ತದೆ. ಮಳೆಗಾಲದಲ್ಲಿ ಅಳಿವೆ ಬಾಯಿಯ ನೀರು ಸಪ್ಪೆಯೇ ಆಗಿಹೋಗ್ತದೆ, ಆಗ ಸಿಗುವುದು ಬೇರೆಯೇ ಜೀವಿಗಳು. ಟ್ಯಾಂಕಿಗೆ ನೇರ ಹಾಕುವ ಕೆಲಸ ಮಾತ್ರ ಬೇಡ. ತಂದರೆ ಬೇರೆ ಬಕೆಟ್ಟಿನಲ್ಲಿ ಮೀನಿಲ್ಲದೆ ಕೆಲವು ವಾರ ಸಾಕಿ, ಅದರಿಂದ ಪಾಡನ್ನೇ ಪಿಪೆಟ್ಟಿನಲ್ಲಿ ಆರಿಸಿ ಹೊಸ ಕಲ್ಚರ್ ಮಾಡಬೇಕು.

ಕಾಪರ್‌ಬ್ಯಾಂಡ್ ಚಿಟ್ಟೆಮೀನು ಸಾಕುವವರಿಗೆ ಮಾತ್ರ ನಮ್ಮ ಮೀನು ಮಾರ್ಕೆಟ್ ವರವೇ ಸೈ. ಜೀವಂತ ಮರುವಾಯಿ (ಕಪ್ಪೆಚಿಪ್ಪು) ತನ್ನಿ. ಚಿಪ್ಪು ಬಿಗಿಯಾಗಿ ಮುಚ್ಚಿದ್ದನ್ನೇ ಆರಿಸಿ, ತಟ್ಟಿದರೂ ಮುಚ್ಚದೆ ಬಾಯಿಬಿಟ್ಟದ್ದು ಸತ್ತದ್ದು. ಶುದ್ಧ ಉಪ್ಪುನೀರಿನಲ್ಲಿ ಒಂದು ದಿನ ಬಿಟ್ಟು ಮರಳು ಉಗುಳಿಸಿ, ಸಣ್ಣ ಚೂರಿಯಿಂದ ಅರ್ಧ ತೆರೆದು ಕಲ್ಲಿನ ಸಂದಿಗೆ ಸಿಕ್ಕಿಸಿ. ಉದ್ದ ಮೂತಿ ತೂರಿಸಿ ಚಿಪ್ಪಿನ ಮೂಲೆ ಮೂಲೆಯಿಂದ ಹೆಕ್ಕಿ ತಿನ್ನುವುದನ್ನು ನೋಡಬೇಕು! ಯಾವುದನ್ನೂ ಮುಟ್ಟದ ಕಾಪರ್‌ಬ್ಯಾಂಡ್ ಕೂಡ ಇದಕ್ಕೆ ಬರ್ತದೆ. ಉಳಿದದ್ದನ್ನು ಅರ್ಧ ಗಂಟೆಯಲ್ಲಿ ತೆಗೆಯಿರಿ, ಇಲ್ಲದಿದ್ದರೆ ನೀರು ಕೆಡ್ತದೆ. ಆ ಮೇಲೆ ಅದೇ ಚಿಪ್ಪಿನಲ್ಲಿ ಮೈಸಿಸ್ ಒತ್ತಿ ಇಟ್ಟರೆ ಮೆಲ್ಲಗೆ ಅದನ್ನೂ ಕಲಿಯುತ್ತದೆ.

ನೀಲಿಬೆಳಕು (ತುಮಕೂರು)

ಅಣ್ಣಾ, ಪಾಡ್ ಕಲ್ಚರ್ ಕೈಹಿಡಿದರೆ ಕಡಲಕುದುರೆ ಸಾಕೋಣ ಅಂತ ಆಸೆ. ಅದಕ್ಕೂ ಇದೇ ಆಹಾರ ಅಲ್ವಾ? ಮತ್ತೆ ಲೈವ್ ರಾಕ್ (ಕಡಲ ಜೀವಿಗಳು ಮೆತ್ತಿಕೊಂಡಿರುವ ಕಲ್ಲು) ತಂದರೆ ಪಾಡ್ ತಾನೇ ಬರುತ್ತೆ ಅಂತಾರೆ.

ಜಲಚರ (ಮಂಗಳೂರು)

ತಮ್ಮಾ, ಎರಡೂ ಬೇಡ. ಕಡಲಕುದುರೆ, ಪೈಪ್‌ಫಿಶ್ ಮತ್ತು ಹವಳಗಳನ್ನು 2001ರಲ್ಲಿ ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಮೊದಲನೇ ಅನುಸೂಚಿಗೆ ಸೇರಿಸಿದ್ದಾರೆ. ಹುಲಿ ಇದ್ದ ಪಟ್ಟಿಗೇ ಅವನ್ನೂ ಸೇರಿಸಿದ್ದು. ನಮ್ಮ ಕಡಲಿಂದ ತೆಗೆದ ಲೈವ್ ರಾಕ್ ಎಂದರೆ ಹವಳದ ಕಲ್ಲು, ಅದನ್ನು ತೆಗೆಯುವುದೂ ಮಾರುವುದೂ ಅಪರಾಧ. ಯಾರಾದರೂ ಗುಟ್ಟಾಗಿ ಕೊಡುತ್ತೇನೆ ಎಂದರೂ ತೆಗೆದುಕೊಳ್ಳಬೇಡಿ. ಸೆರಾಮಿಕ್ ಕಲ್ಲಿನ ಮೇಲೆ ನಾವೇ ಪಾಡ್ ಬೆಳೆಸಿ ತುಂಬಿಸುವುದು ನಿಧಾನದ ಕೆಲಸ ನಿಜ, ಆದರೆ ಅದರಿಂದ ಕಡಲಿಗೆ ನಷ್ಟವಿಲ್ಲ.

ಜೀವಂತ ಆಹಾರ ಬೆಳೆಸುವ ಕೈ ಕುದುರಿದ ಮೇಲೆ ಕ್ಲೌನ್ ಮೀನಿನ ಮರಿ ಮಾಡಿಸಲು ಪ್ರಯತ್ನಿಸಿ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಸಿಎಂಎಫ್‌ಆರ್‌ಐ (ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಕ್ಲೌನ್ ಮರಿ ಮಾಡಿಸುವ ವಿಧಾನವನ್ನು ರೂಪಿಸಿ ತರಬೇತಿಯನ್ನೂ ಕೊಟ್ಟಿದೆ. ರೋಟಿಫರ್, ಆಮೇಲೆ ಆರ್ಟೀಮಿಯಾ, ಇಲ್ಲಿ ಕಲಿತದ್ದೆಲ್ಲ ಅಲ್ಲಿ ಕೆಲಸಕ್ಕೆ ಬರುತ್ತದೆ.

ನೀಲಿಬೆಳಕು (ತುಮಕೂರು)

ಇದು ನನಗೆ ಗೊತ್ತಿರಲಿಲ್ಲ ಸರ್. ಕ್ಲೌನ್ ಜೋಡಿ ಈಗಾಗಲೇ ಇದೆ, ಅದರ ಕಡೆಗೇ ಗಮನ ಕೊಡ್ತೀನಿ.

ಉಪ್ಪುನೀರು (ಬೆಂಗಳೂರು)

ಎಲ್ಲರಿಗೂ ಸುದ್ದಿ. ಪಾಡ್ ಬಕೆಟ್ ಎರಡೂ ತುಂಬಿಕೊಂಡಿವೆ, ಟ್ಯಾಂಕಿಗೆ ವಾರ ವಾರ ಹೋಗ್ತಿದೆ. ರಾತ್ರಿ ಟಾರ್ಚ್ ಹಾಕಿದರೆ ಮುಂದಿನ ಗಾಜಿನ ಮೇಲೇ ಬಿಳಿ ಚುಕ್ಕಿಗಳ ಓಡಾಟ ಕಾಣುತ್ತೆ. ಮೀನನ್ನು ಪೆಟ್ಟಿಗೆಯಿಂದ ಬಿಟ್ಟಿದ್ದೀನಿ. ಹೊಟ್ಟೆ ತುಂಬಿಕೊಳ್ತಿದೆ. ಈಗ ಆರ್ಟೀಮಿಯಾ ನಿಲ್ಲಿಸಬಹುದಾ?

ಹವಳದಿಬ್ಬ (ಮೈಸೂರು)

ಬಹಳ ಸಂತೋಷ! ಹೊಟ್ಟೆ ನೋಡಿ ತೀರ್ಮಾನಿಸಬೇಡಿ, ಅದು ಒಂದೇ ಊಟಕ್ಕೂ ಉಬ್ಬುತ್ತೆ. ತಲೆಯ ಹಿಂದಿನ ಗುಳಿ ಮುಚ್ಚಿದೆಯಾ, ಪಕ್ಕದಲ್ಲಿ ಎಲುಬಿನ ಗೆರೆ ಮರೆಯಾಗಿದೆಯಾ ನೋಡಿ. ಬೆನ್ನು ದುಂಡಗಾಗೋವರೆಗೆ ದಿನಕ್ಕೊಮ್ಮೆಯಾದರೂ ಆರ್ಟೀಮಿಯಾ ಇರಲಿ. ಆ ಸಮಯದಲ್ಲೇ ಫ್ರೋಜನ್ ಕಲಿಸಿ: ಒಂದು ಸಣ್ಣ ಗಾಜಿನ ಬಟ್ಟಲನ್ನು ಟ್ಯಾಂಕಿನ ಒಂದೇ ಜಾಗದಲ್ಲಿ ಇಟ್ಟು, ಜೀವಂತ ಆರ್ಟೀಮಿಯಾ ಜೊತೆ ಸಣ್ಣ ಮೀನಿನ ಮೊಟ್ಟೆ, ಹೆಚ್ಚಿದ ಮೈಸಿಸ್ ಒಂದು ಚಿಟಿಕೆ ಸೇರಿಸಿ ಬಿಡಿ. ತಿಂದರೆ ನಿಮಗೆ ಆಸರೆ. ಎಷ್ಟೋ ಮೀನು ಕೊನೆವರೆಗೂ ಕಲಿಯಲ್ಲ, ಅದಕ್ಕೇ ಬಕೆಟ್ ಮಾತ್ರ ನಿಲ್ಲಿಸಬೇಡಿ.

ಗಾಜಿನಮನಿ (ಹುಬ್ಬಳ್ಳಿ)

ಉಪ್ಪುನೀರು ಸರ್, ಕೇಳಿ ಭಾಳ ಆನಂದ ಆತ್ರಿ. ನನ್ನ ಕಡೆ ಅಪೊಸೈಕ್ಲಾಪ್ಸ್ ಐತಿ, ಟಿಸ್ಬೆ ಇಲ್ಲ. ನಿಮ್ಮ ಬಕೆಟ್ಟಿನಿಂದ ಒಂದ್ ಬಾಟ್ಲಿ ಕೊಡ್ತೀರೇನ್ರಿ? ಬದಲಿಗೆ ನಂದೂ ಒಂದು ಬಾಟ್ಲಿ ಕಳಸ್ತೀನಿ. ಎರಡೂ ಊರಾಗ ಹೆಪ್ಪು ಉಳದಂಗ ಆಕ್ಕೈತಿ.

ಉಪ್ಪುನೀರು (ಬೆಂಗಳೂರು)

ಖಂಡಿತ ಕೊಡ್ತೀನಿ ಸರ್. ಬಾಟಲಿ ಹೇಗೆ ಪ್ಯಾಕ್ ಮಾಡಬೇಕು ಅಂತ ಮೇಡಂ ಹೇಳಿದರೆ ಶನಿವಾರ ರಾತ್ರಿ ಬಸ್ಸಿಗೆ ಬರುವ ನನ್ನ ಭಾವನ ಕೈಯಲ್ಲಿ ಕಳಿಸ್ತೀನಿ.

ಹವಳದಿಬ್ಬ (ಮೈಸೂರು)

ಒಂದು ಲೀಟರ್ ಬಾಟಲಿಗೆ ಮೂರನೇ ಒಂದು ಭಾಗ ಮಾತ್ರ ನೀರು, ಉಳಿದದ್ದು ಗಾಳಿ. ಹಿಂದಿನ ದಿನದಿಂದ ಪಾಚಿ ಹಾಕಬೇಡಿ, ದಾರಿಯಲ್ಲಿ ನೀರು ಕೆಡಲ್ಲ. ಕಲ್ಚರಿನ ತಳದ ಕೊಳೆ ಬರದ ಹಾಗೆ ಜರಡಿಯಲ್ಲಿ ಸೋಸಿ ಹೊಸ ಉಪ್ಪುನೀರಿಗೆ ಬಿಟ್ಟು ತುಂಬಿ. ಬಾಟಲಿಯನ್ನು ದಪ್ಪ ಪೇಪರಿನಲ್ಲಿ ಸುತ್ತಿ ಥರ್ಮಾಕೋಲ್ ಡಬ್ಬದಲ್ಲಿ ಇಡಿ, ಐಸ್ ಬೇಡ. ಉಪ್ಪಿನ ಸಾಂದ್ರತೆ ಎಷ್ಟು ಅಂತ ಬಾಟಲಿ ಮೇಲೆ ಬರೆದು ಕಳಿಸಿ. ಗಾಜಿನಮನಿಯವರೇ, ತಲುಪಿದ ಮೇಲೆ ಬಾಟಲಿಯನ್ನು ಬಕೆಟ್ಟಿನ ನೀರಲ್ಲಿ ತೇಲಿಬಿಟ್ಟು ಎರಡರ ಉಷ್ಣತೆ ಒಂದಾದ ಮೇಲೆ ಸುರಿಯಿರಿ. ಅಪೊಸೈಕ್ಲಾಪ್ಸ್ ಇರುವ ಬಕೆಟ್ಟಿಗೆ ಸುರಿಯಬೇಡಿ, ಬೇರೆ ಬಕೆಟ್ಟಿಗೆ ಸುರಿಯಿರಿ.